ತೊಗಲ ಹಾಳೆಯ ಮೇಲೆ ಉಳಿದ ಆಕಾಶ

ಕ್ರಿ.ಶ. 842ರಲ್ಲಿ ಯುರೋಪಿನ ಚಕ್ರವರ್ತಿ ಲೋಥೇರ್ ತನ್ನ ತಮ್ಮಂದಿರೊಡನೆ ನಡೆಸುತ್ತಿದ್ದ ಕದನದಲ್ಲಿ ಹಿನ್ನಡೆ ಕಂಡು ರಾಜಧಾನಿ ಆಖೆನ್ ಬಿಟ್ಟು ಹೊರಟ. ಹೊರಡುವ ಮುನ್ನ ಅರಮನೆಯ ಭಂಡಾರಕ್ಕೆ ಕೈಹಾಕಿದ. ಅಲ್ಲಿ ದೊಡ್ಡದೊಂದು ಬೆಳ್ಳಿಯ ಮೇಜಿತ್ತು. ಅದರ ಮೇಲೆ ಭೂಮಂಡಲ, ನಕ್ಷತ್ರಗಳು, ಗ್ರಹಗಳು ಎಲ್ಲವನ್ನೂ ಕೆತ್ತಲಾಗಿತ್ತು. ಲೋಥೇರನ ತಾತ ಶಾರ್ಲಮೇನನ ಬಳಿಯಿದ್ದ ವಸ್ತು ಅದು. ತಾತನ ಉಯಿಲಿನಲ್ಲಿ ಅದರ ಉಲ್ಲೇಖವಿದೆ. ತಂದೆ ಲೂಯಿ ಉಳಿದ ಒಡವೆಗಳನ್ನೆಲ್ಲ ಹಂಚಿದರೂ ಈ ಮೇಜನ್ನು ಮಾತ್ರ ಬೆಲೆ ಕೊಟ್ಟು ತನ್ನಲ್ಲೇ ಉಳಿಸಿಕೊಂಡಿದ್ದ. ಮೊಮ್ಮಗ ಅದನ್ನು ತುಂಡು ತುಂಡಾಗಿ ಕಡಿಸಿ ತನ್ನ ಕಡೆಯವರಿಗೆ ಹಂಚಿಬಿಟ್ಟ.

ಬೆಳ್ಳಿಯ ಆಕಾಶ ಹೀಗೆ ಮಾಯವಾಯಿತು. ಆದರೆ ಅದೇ ಕಾಲದಲ್ಲಿ, ಅದೇ ರಾಜಮನೆತನದ ನೆರಳಿನಲ್ಲಿ ಪ್ರಾಣಿಗಳ ತೊಗಲಿನ ಮೇಲೆ ಬರೆದ ಇನ್ನೊಂದು ಆಕಾಶ ಉಳಿದುಕೊಂಡಿತು. ಇಂದು ನಾವು ರಾತ್ರಿಯ ಬಾನಿನಲ್ಲಿ ಪರ್ಸಿಯಸ್, ಆಂಡ್ರೊಮಿಡಾ, ಒರಾಯನ್ ಎಂದು ಗುರುತಿಸುವ ಆಕೃತಿಗಳು ಗ್ರೀಕರಿಂದ ನಮ್ಮ ಕಾಲದವರೆಗೆ ಬಂದ ದಾರಿಯಲ್ಲಿ ಆ ಹಸ್ತಪ್ರತಿಗಳು ಬಹು ಮುಖ್ಯವಾದ ತಂಗುದಾಣ. ವಿಚಿತ್ರವೆಂದರೆ, ಅವುಗಳನ್ನು ಬರೆದವರಲ್ಲಿ ಹೆಚ್ಚಿನವರು ಗ್ರೀಕರ ದೇವತೆಗಳನ್ನು ನಂಬದ, ನಂಬಬಾರದೆಂದು ಬೋಧಿಸುತ್ತಿದ್ದ ಕ್ರೈಸ್ತ ಮಠಗಳ ಜನ.

ನೀಲಿಯ ಮೇಲೆ ಚಿನ್ನ

ಈ ಹಸ್ತಪ್ರತಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ನೆದರ್ಲೆಂಡ್ಸ್ ದೇಶದ ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದಕ್ಕೆ ‘ಲೈಡನ್ ಅರಾಟಿಯ’ ಎಂದು ಹೆಸರು. ಒಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಬಹುಶಃ ಶಾರ್ಲಮೇನನ ಮಗ ಲೂಯಿಯ ಆಸ್ಥಾನದ ವಲಯದಲ್ಲಿ ತಯಾರಾದದ್ದು. ಗಾತ್ರದಲ್ಲಿ ಅದೇನೂ ದೊಡ್ಡದಲ್ಲ. ಸುಮಾರು 22 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲದ, ಹತ್ತಿರ ಹತ್ತಿರ ನೂರು ಹಾಳೆಗಳ ಪುಸ್ತಕ. ಅದರಲ್ಲಿ ಪುಟ ತುಂಬುವ 35 ಚಿತ್ರಗಳು ಈಗಲೂ ಉಳಿದಿವೆ.

ಒಂದೊಂದು ಚಿತ್ರಕ್ಕೂ ಚೌಕಟ್ಟು, ಅದರೊಳಗೆ ಗಾಢ ನೀಲಿಯ ಹಿನ್ನೆಲೆ. ಆ ನೀಲಿಯ ನಡುವೆ ಒಂದೊಂದೇ ಆಕೃತಿ. ಎರಡು ಬಂಡೆಗಳ ನಡುವೆ ಕೈಕಟ್ಟಿಸಿಕೊಂಡು ನಿಂತ ಆಂಡ್ರೊಮಿಡಾ, ಮೆಡೂಸಳ ತಲೆ ಹಿಡಿದ ಪರ್ಸಿಯಸ್, ಎರಡು ಕರಡಿಗಳನ್ನು ಬಳಸಿ ಹೊರಳಿದ ಮಹಾಸರ್ಪ. ಮೈಮೇಲೆ ಅಲ್ಲಲ್ಲಿ ಅಂಟಿಸಿದ ಚಿನ್ನದ ತಗಡು. ಆ ಚಿನ್ನದ ಚುಕ್ಕೆಗಳೇ ನಕ್ಷತ್ರಗಳು. ಸಾವಿರದ ಇನ್ನೂರು ವರ್ಷಗಳಾದರೂ ಅವುಗಳ ಹೊಳಪು ಮಾಸಿಲ್ಲ.

ಚಿತ್ರದ ಎದುರು ಪುಟದಲ್ಲಿ ಲ್ಯಾಟಿನ್ ಪದ್ಯ. ಅದನ್ನು ಬರೆದದ್ದು ಆಗಿನ ಕಾಲದ ರೂಢಿಯ ಲಿಪಿಯಲ್ಲಲ್ಲ, ಹಳೆಯ ರೋಮನ್ ಗ್ರಂಥಗಳಲ್ಲಿದ್ದ ದೊಡ್ಡಕ್ಷರಗಳಲ್ಲಿ. ನಾಲ್ಕು ಶತಮಾನ ಕಳೆಯುವ ಹೊತ್ತಿಗೆ ಆ ಅಕ್ಷರಗಳನ್ನು ಓದುವುದೇ ಕಷ್ಟವಾಗಿರಬೇಕು. ಹದಿಮೂರನೆಯ ಶತಮಾನದಲ್ಲಿ ಯಾರೋ ಓದುಗ ಅದೇ ಪದ್ಯಗಳನ್ನು ತನ್ನ ಕಾಲದ ಲಿಪಿಯಲ್ಲಿ ಕೆಳಗೆ ಮತ್ತೆ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಹಳಗನ್ನಡ ಶಾಸನದ ಕೆಳಗೆ ಹೊಸ ಲಿಪಿಯ ಪಾಠ ಕೊಡುವಂತೆಯೇ ಇದು.

ಒಬ್ಬ ಕವಿಯ ಆಕಾಶ

‘ಅರಾಟಿಯ’ ಎಂಬ ಹೆಸರು ಬಂದದ್ದು ಅರಾಟಸ್ ಎಂಬ ಗ್ರೀಕ್ ಕವಿಯಿಂದ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಮ್ಯಾಸಿಡೋನಿಯದ ದೊರೆ ಆಂಟಿಗೊನಸ್ ಗೊನಾಟಸನ ಆಶ್ರಯದಲ್ಲಿದ್ದ ಈತ ‘ಫೈನೊಮಿನಾ’ ಎಂಬ ಕಾವ್ಯ ಬರೆದ. ಸಾವಿರಕ್ಕೂ ಹೆಚ್ಚು ಸಾಲುಗಳ ಈ ಕಾವ್ಯದಲ್ಲಿ ಬಾನಿನ ಆಕೃತಿಗಳ ವರ್ಣನೆ, ಅವು ಹುಟ್ಟುವ ಮುಳುಗುವ ಕ್ರಮ, ಮಳೆಗಾಳಿಯ ಸೂಚನೆಗಳು ಇವೆ. ಅರಾಟಸ್ ಸ್ವತಃ ಖಗೋಳ ವಿಜ್ಞಾನಿಯಾಗಿರಲಿಲ್ಲ. ತನಗಿಂತ ಸುಮಾರು ನೂರು ವರ್ಷ ಹಿಂದಿನ ಯೂಡಾಕ್ಸಸ್ ಎಂಬ ವಿದ್ವಾಂಸನ ಗದ್ಯವನ್ನು ಪದ್ಯಕ್ಕಿಳಿಸಿದ. ನಂತರ ಬಂದ ಮಹಾನ್ ಖಗೋಳಜ್ಞ ಹಿಪ್ಪಾರ್ಕಸ್ ಇದಕ್ಕೆ ವ್ಯಾಖ್ಯಾನ ಬರೆದು ತಪ್ಪುಗಳ ಪಟ್ಟಿಯನ್ನೇ ಮಾಡಿದ. ಕಾವ್ಯದ ಜನಪ್ರಿಯತೆಗೆ ಅದರಿಂದ ಏನೂ ಕುಂದಾಗಲಿಲ್ಲ. ಹಿಪ್ಪಾರ್ಕಸನ ಕೃತಿಗಳಲ್ಲಿ ಇಂದು ಪೂರ್ಣವಾಗಿ ಉಳಿದಿರುವುದು ಕೂಡ ಆ ವ್ಯಾಖ್ಯಾನವೊಂದೇ.

ರೋಮನ್ನರಿಗಂತೂ ಈ ಕಾವ್ಯ ಅಚ್ಚುಮೆಚ್ಚು. ಖ್ಯಾತ ವಾಗ್ಮಿ ಸಿಸಿರೊ ಹರೆಯದಲ್ಲಿಯೇ ಇದನ್ನು ಲ್ಯಾಟಿನ್ನಿಗೆ ತಂದ. ಚಕ್ರವರ್ತಿ ಟೈಬೀರಿಯಸನ ದತ್ತುಪುತ್ರ, ದಂಡನಾಯಕ ಜರ್ಮಾನಿಕಸ್ ಇನ್ನೊಂದು ಅನುವಾದ ಮಾಡಿದ. ನಾಲ್ಕನೆಯ ಶತಮಾನದಲ್ಲಿ ಅವೀನಸ್ ಮತ್ತೊಂದು ಬರೆದ. ಲೈಡನ್ ಹಸ್ತಪ್ರತಿಯಲ್ಲಿರುವುದು ಜರ್ಮಾನಿಕಸನ ಪಾಠ, ಕೆಲವೆಡೆ ಅವೀನಸನ ಸಾಲುಗಳನ್ನು ಸೇರಿಸಲಾಗಿದೆ.

ಈ ಆಕೃತಿಗಳಲ್ಲಿ ಹನ್ನೆರಡು ನಮಗೆ ಪರಕೀಯವೇನಲ್ಲ. ಪಂಚಾಂಗದ ಮೇಷ, ವೃಷಭ, ಮಿಥುನಗಳು ಇವೇ. ಬ್ಯಾಬಿಲೋನಿನಲ್ಲಿ ರೂಪುಗೊಂಡ ರಾಶಿಚಕ್ರ ಗ್ರೀಕರ ಮೂಲಕ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಭಾರತಕ್ಕೂ ಬಂತು. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹಜ್ಜಾತಕ’ದಲ್ಲಿ ರಾಶಿಗಳಿಗೆ ಗ್ರೀಕ್ ಮೂಲದ ಹೆಸರುಗಳನ್ನೂ ಕೊಟ್ಟಿದ್ದಾನೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ಕಂಬಗಳಲ್ಲಿ ಕೆತ್ತಿರುವ ರಾಶಿಗಳೂ ಲೈಡನ್ನಿನ ನೀಲಿ ಪುಟಗಳ ರಾಶಿಗಳೂ ದೂರದ ದಾಯಾದಿಗಳು. ದಾರಿಯಲ್ಲಿ ವೇಷ ಬದಲಾಗಿದೆ, ಅಷ್ಟೇ. ಲೈಡನ್ನಿನಲ್ಲಿ ಮಿಥುನವೆಂದರೆ ಇಬ್ಬರು ಯುವಕರು, ನಮ್ಮಲ್ಲಿ ಗಂಡು ಹೆಣ್ಣಿನ ಜೋಡಿ. ಅಲ್ಲಿ ಮಕರಕ್ಕೆ ಆಡಿನ ಮುಂಭಾಗ, ಮೀನಿನ ಬಾಲ. ಇಲ್ಲಿ ಅದು ನೀರಿನ ಮೊಸಳೆಯಂಥ ಪ್ರಾಣಿ.

ಕೃತ್ತಿಕೆಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ಸೋದರಿಯರು ಏಳು ಜನವೆಂದು ಹಾಡಿದರೂ ಕಣ್ಣಿಗೆ ಕಾಣುವುದು ಆರೇ ಎಂದು ಅರಾಟಸ್ ಹೇಳುತ್ತಾನೆ. ಲೈಡನ್ನಿನ ಚಿತ್ರಕಾರ ಏಳು ಹೆಣ್ಣುಗಳ ಮುಖಗಳನ್ನೂ ಬಿಡದೆ ಬರೆದಿದ್ದಾನೆ. ಸ್ಕಂದನಿಗೆ ಹಾಲೂಡಿಸಿದ ನಮ್ಮ ಕೃತ್ತಿಕೆಯರು ಆರೇ ಮಂದಿ.

ಸನ್ಯಾಸಿಗಳಿಗೆ ನಕ್ಷತ್ರ ಏಕೆ?

ಹಳೆಯ ರೋಮನ್ ದೇವತೆಗಳ ಗುಡಿಗಳು ಮುಚ್ಚಿ ಶತಮಾನಗಳೇ ಕಳೆದಿದ್ದವು. ಅವರ ಕಥೆಗಳು ಕ್ರೈಸ್ತರಿಗೆ ಪಾಷಂಡಿಗಳ ಕಟ್ಟುಕಥೆ. ಹೀಗಿರುವಾಗ ಹರ್ಕ್ಯುಲಿಸ್, ಪರ್ಸಿಯಸರ ಚಿತ್ರಗಳಿಗೆ ಚಿನ್ನ ಸುರಿಯುವ ಅಗತ್ಯವೇನಿತ್ತು?

ಒಂದು ಕಾರಣ ತೀರ ವ್ಯಾವಹಾರಿಕ. ಮಠದ ಜನ ನಡುರಾತ್ರಿ ಎದ್ದು ಪ್ರಾರ್ಥನೆ ಮಾಡಬೇಕು. ಗಡಿಯಾರಗಳಿಲ್ಲದ ಕಾಲ, ನಕ್ಷತ್ರಗಳೇ ಗಡಿಯಾರ. ಆರನೆಯ ಶತಮಾನದಲ್ಲಿ ಫ್ರಾನ್ಸಿನ ಟೂರ್ ಪಟ್ಟಣದ ಬಿಷಪ್ ಗ್ರೆಗರಿ ಇದಕ್ಕಾಗಿಯೇ ಒಂದು ಕೈಪಿಡಿ ಬರೆದ. ಯಾವ ತಿಂಗಳಲ್ಲಿ ಯಾವ ನಕ್ಷತ್ರ ಮೂಡಿದಾಗ ಏಳಬೇಕು ಎಂಬುದು ಅದರ ವಿಷಯ. ಆದರೆ ಆತ ಗ್ರೀಕ್ ಪುರಾಣದ ಹೆಸರುಗಳನ್ನು ಬೇಕೆಂದೇ ದೂರವಿಟ್ಟ. ನಾವು ಹಂಸವೆಂದು ಕರೆಯುವ ಪುಂಜ ಅವನಿಗೆ ದೊಡ್ಡ ಶಿಲುಬೆ. ಎಲ್ಲರೂ ಗ್ರೆಗರಿಯ ದಾರಿ ಹಿಡಿದಿದ್ದರೆ ಹಳೆಯ ಆಕೃತಿಗಳು ಪಶ್ಚಿಮ ಯುರೋಪಿನಲ್ಲಿ ಅಲ್ಲಿಗೇ ಮರೆತುಹೋಗುತ್ತಿದ್ದವೇನೋ.

ಎರಡನೆಯ ಕಾರಣ ಈಸ್ಟರ್ ಹಬ್ಬ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಅಂದರೆ ಸೂರ್ಯ, ಚಂದ್ರ ಮತ್ತು ವಾರ ಮೂರರ ಲೆಕ್ಕವೂ ಕೂಡಿ ಬರಬೇಕು. ನಮ್ಮ ಪಂಚಾಂಗಕರ್ತರಿಗೆ ಈ ತಲೆನೋವು ಚೆನ್ನಾಗಿ ಗೊತ್ತು. ಲೆಕ್ಕ ತಪ್ಪಿದರೆ ಊರಿಗೊಂದು ದಿನ ಹಬ್ಬವಾಗುತ್ತಿತ್ತು. ಆದ್ದರಿಂದಲೇ ಶಾರ್ಲಮೇನ್ 789ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಮಠಗಳಲ್ಲೂ ಬಿಷಪ್ಪರ ಪೀಠಗಳಲ್ಲೂ ಕಾಲಗಣನೆಯನ್ನು ಕಲಿಸಬೇಕೆಂದು ವಿಧಿಸಿದ. ಸ್ವತಃ ಚಕ್ರವರ್ತಿಗೂ ಈ ವಿದ್ಯೆಯಲ್ಲಿ ಆಸಕ್ತಿ. ಮಂಗಳ ಗ್ರಹ ಬಾನಿನಿಂದ ಕಾಣೆಯಾದದ್ದೇಕೆ ಎಂಬ ಬಗ್ಗೆ 798ರ ಸುಮಾರಿಗೆ ಅವನಿಗೂ ಅವನ ಗುರು ಆಲ್ಕ್ವಿನ್‌ಗೂ ಪತ್ರವ್ಯವಹಾರವೇ ನಡೆದಿತ್ತು. 809ರಲ್ಲಿ ಆಖೆನ್‌ನಲ್ಲಿ ವಿದ್ವಾಂಸರು ಸೇರಿ ಕಾಲಗಣನೆಯ ಪ್ರಶ್ನೆಗಳನ್ನು ಚರ್ಚಿಸಿದರು. ಆ ಹೊತ್ತಿನಲ್ಲಿ ಸಿದ್ಧವಾದ ದೊಡ್ಡ ಸಂಕಲನದಲ್ಲಿ ನಕ್ಷತ್ರಪುಂಜಗಳ ಚಿತ್ರಗಳೂ ಸೇರಿದವು.

ಆದರೆ ಈಸ್ಟರ್ ಲೆಕ್ಕಕ್ಕೆ ಆಂಡ್ರೊಮಿಡಾಳ ಚಿತ್ರ ಬೇಕಿಲ್ಲ. ಅದಕ್ಕೆ ಚಿನ್ನವಂತೂ ಬೇಕೇ ಇಲ್ಲ. ಇಲ್ಲಿರುವ ಮೂರನೆಯ ಕಾರಣ ರಾಜಕೀಯದ್ದು. ಶಾರ್ಲಮೇನ್ 800ರಲ್ಲಿ ರೋಮಿನಲ್ಲಿ ಚಕ್ರವರ್ತಿ ಕಿರೀಟ ಧರಿಸಿದವನು. ತಾನು ರೋಮನ್ ಸಾಮ್ರಾಜ್ಯದ ವಾರಸುದಾರ ಎಂದು ಸಾರಿದ ಮೇಲೆ ರೋಮಿನ ಪುಸ್ತಕಗಳೂ ಬೇಕಾದವು. ಲೈಡನ್ ಹಸ್ತಪ್ರತಿಯ ಚಿತ್ರಕಾರನ ಮುಂದೆ ಪ್ರಾಚೀನ ರೋಮಿನ ಕೊನೆಗಾಲದ ಮೂಲಪ್ರತಿಯೊಂದು ಇದ್ದಿರಬೇಕೆಂಬುದು ಕಲಾ ಇತಿಹಾಸಕಾರರ ಅಭಿಪ್ರಾಯ. ಮೈಕಟ್ಟು, ಬಟ್ಟೆಯ ಮಡಿಕೆ, ಮುಖದ ನೆರಳು ಬೆಳಕು ಎಲ್ಲ ರೋಮನ್ ಚಿತ್ರಕಲೆಯವು. ಮೂಲಪ್ರತಿ ಕಾಲಗರ್ಭ ಸೇರಿತು, ನಕಲು ಉಳಿಯಿತು.

ಅಕ್ಷರಗಳಿಂದಾದ ಮೈ

ಇದೇ ಕಾಲದ ಇನ್ನೊಂದು ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ‘ಹಾರ್ಲಿ 647’ ಎಂಬುದು ಅದರ ಸಂಖ್ಯೆ. ಇದರಲ್ಲಿರುವುದು ಸಿಸಿರೊನ ಅನುವಾದ. ಇಲ್ಲಿಯ ಚಿತ್ರಗಳ ಬಗೆಯೇ ಬೇರೆ. ಪ್ರಾಣಿಯ ಅಥವಾ ಮನುಷ್ಯನ ತಲೆ, ಕೈಕಾಲುಗಳಿಗೆ ಬಣ್ಣ ಹಾಕಲಾಗಿದೆ, ಮೈ ಮಾತ್ರ ಅಕ್ಷರಗಳಿಂದ ತುಂಬಿದೆ. ಸಾಲುಗಳನ್ನು ಎಲ್ಲಿ ಅಗಲ ಮಾಡಬೇಕು, ಎಲ್ಲಿ ಕಿರಿದು ಮಾಡಬೇಕು ಎಂದು ಲೆಕ್ಕ ಹಾಕಿ ಬರೆದಿರುವುದರಿಂದ ಬರಹವೇ ಪಕ್ಷಿಯ ರೆಕ್ಕೆಯಾಗುತ್ತದೆ, ಮೀನಿನ ಬೆನ್ನಾಗುತ್ತದೆ.

ಇದು ಬರಿಯ ಚಮತ್ಕಾರವಲ್ಲ. ಮೈಯೊಳಗೆ ತುಂಬಿರುವುದು ಹೈಜಿನಸ್ ಎಂಬ ಲೇಖಕನ ಗದ್ಯ. ಈ ಆಕೃತಿ ಬಾನಿಗೆ ಹೋದದ್ದು ಹೇಗೆ ಎಂಬ ಕಥೆ, ತಲೆಯಲ್ಲಿ ಎಷ್ಟು ನಕ್ಷತ್ರ, ಭುಜದಲ್ಲಿ ಎಷ್ಟು ಎಂಬ ಎಣಿಕೆ ಅದರ ವಿಷಯ. ಆಕೃತಿಯ ಮೇಲೆ ಕೆಂಬಣ್ಣದ ಚುಕ್ಕೆಗಳು ನಕ್ಷತ್ರಗಳನ್ನು ತೋರಿಸುತ್ತವೆ. ಕೆಳಗೆ ಸಿಸಿರೊನ ಪದ್ಯ. ಕಥೆ, ಎಣಿಕೆ, ಚಿತ್ರ, ಕಾವ್ಯ ನಾಲ್ಕೂ ಒಂದೇ ಪುಟದಲ್ಲಿ ಸಿಗುವ ಈ ಏರ್ಪಾಡು ಪಾಠ ಹೇಳುವವನಿಗೂ ಕಲಿಯುವವನಿಗೂ ಅನುಕೂಲ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಪುಸ್ತಕ ಇಂಗ್ಲೆಂಡಿಗೆ ತಲುಪಿ ಅಲ್ಲಿಯೂ ನಕಲುಗಳಾದವು.

ದಾರಿ ತಪ್ಪಿದ ಚುಕ್ಕೆಗಳು

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದ ಪುಸ್ತಕ ಹಿಡಿದು ರಾತ್ರಿ ಅಂಗಳಕ್ಕೆ ಬಂದು ಬಾನು ನೋಡಿದರೆ ಏನಾಗುತ್ತದೆ? ನಿರಾಸೆಯಾಗುತ್ತದೆ. ಲೈಡನ್ ಹಸ್ತಪ್ರತಿಯ ಚಿನ್ನದ ಚುಕ್ಕೆಗಳು ಬಾನಿನ ನಕ್ಷತ್ರಗಳ ಸ್ಥಾನಕ್ಕೆ ಹೊಂದುವುದಿಲ್ಲ. ಅವು ಒಡವೆಗಳಂತೆ ಅಂದಕ್ಕೆ ತಕ್ಕಂತೆ ಹರಡಿಕೊಂಡಿವೆ. ಪ್ರತಿ ಆಕೃತಿಯೂ ತನ್ನ ಪುಟದಲ್ಲಿ ಒಂಟಿಯಾಗಿರುವುದರಿಂದ ಪಕ್ಕದ್ದು ಯಾವುದು, ಮೇಲಿನದು ಯಾವುದು ಎಂಬುದೂ ತಿಳಿಯುವುದಿಲ್ಲ.

ನಕಲುಗಾರನ ನಿಷ್ಠೆ ಎದುರಿಗಿದ್ದ ಪುಸ್ತಕಕ್ಕೆ, ತಲೆಯ ಮೇಲಿನ ಆಕಾಶಕ್ಕಲ್ಲ. ಎಡ ಬಲದ ಗೊಂದಲವೂ ಹಳೆಯದೇ. ನೆಲದಿಂದ ನೋಡಿದಾಗ ಕಾಣುವ ಆಕೃತಿಗೂ ಖಗೋಳದ ಗುಂಡನ್ನು ಹೊರಗಿನಿಂದ ನೋಡಿದಾಗ ಕಾಣುವ ಆಕೃತಿಗೂ ಎಡ ಬಲ ಅದಲು ಬದಲಾಗುತ್ತದೆ. ಆಕೃತಿಗಳೆಲ್ಲ ನಮ್ಮತ್ತ ಮುಖ ಮಾಡಿವೆಯೆಂದು ಭಾವಿಸಿಯೇ ಅವುಗಳನ್ನು ವರ್ಣಿಸಬೇಕೆಂದು ಹಿಪ್ಪಾರ್ಕಸ್ ಹೇಳಿದ್ದ. ಚಿತ್ರಕಾರರು ಒಮ್ಮೆ ಒಳಗಿನ ನೋಟ, ಇನ್ನೊಮ್ಮೆ ಹೊರಗಿನ ನೋಟ ಹಿಡಿದರು.

ಇದಕ್ಕೆ ವಿರುದ್ಧವಾದ ಹಾದಿ ಪೂರ್ವದಲ್ಲಿ ತೆರೆದುಕೊಂಡಿತ್ತು. ಕ್ರಿ.ಶ. 964ರ ಸುಮಾರಿಗೆ ಇರಾನಿನ ಇಸ್ಫಹಾನಿನಲ್ಲಿ ಅಲ್ ಸೂಫಿ ಎಂಬ ಖಗೋಳಜ್ಞ ಸ್ಥಿರ ನಕ್ಷತ್ರಗಳ ಕುರಿತು ಅರಬ್ಬಿಯಲ್ಲಿ ಗ್ರಂಥ ಬರೆದ. ಟಾಲೆಮಿ ಪಟ್ಟಿ ಮಾಡಿದ 48 ಪುಂಜಗಳೇ ಅವನ ಆಧಾರ. ಆದರೆ ನಕ್ಷತ್ರಗಳ ಕಾಂತಿಯನ್ನು ತಾನೇ ಗಮನಿಸಿ ತಿದ್ದಿದ. ಪ್ರತಿ ಪುಂಜಕ್ಕೂ ಎರಡೆರಡು ಚಿತ್ರ: ಒಂದು ಬಾನಿನಲ್ಲಿ ಕಂಡಂತೆ, ಇನ್ನೊಂದು ಗೋಲದ ಮೇಲೆ ಕಾಣುವಂತೆ. ಎಡ ಬಲದ ಗೊಂದಲಕ್ಕೆ ಅಲ್ಲಿಗೆ ಪರಿಹಾರ ಸಿಕ್ಕಿತು. ಅವನ ಗ್ರಂಥದ ಪ್ರತಿಗಳಲ್ಲಿ ಗ್ರೀಕ್ ವೇಷ ಕಳಚಿಹೋಗಿದೆ. ಪರ್ಸಿಯಸನ ಕೈಯಲ್ಲಿರುವುದು ಮೆಡೂಸಳ ತಲೆಯಲ್ಲ, ಪಿಶಾಚಿಯ ತಲೆ. ಆ ತಲೆಯಲ್ಲಿ ಮಿನುಗುವ ನಕ್ಷತ್ರಕ್ಕೆ ಇಂದಿಗೂ ಅರಬ್ಬಿ ಹೆಸರೇ: ಅಲ್ಗಾಲ್, ಪಿಶಾಚಿ ಎಂದೇ ಅರ್ಥ.

ಪಶ್ಚಿಮದವರು ಕಥೆಯನ್ನೂ ರೂಪವನ್ನೂ ಉಳಿಸಿಕೊಂಡು ಸ್ಥಾನವನ್ನು ಕಳೆದುಕೊಂಡರು. ಪೂರ್ವದವರು ಸ್ಥಾನವನ್ನು ಉಳಿಸಿಕೊಂಡು ಕಥೆಯನ್ನು ಬಿಟ್ಟುಕೊಟ್ಟರು. ಇವೆರಡೂ ಮುಂದೆ ಯುರೋಪಿನಲ್ಲಿ ಒಂದುಗೂಡಿದ್ದರಿಂದಲೇ ಇಂದಿನ ನಕ್ಷತ್ರಪಟಗಳಲ್ಲಿ ಪುಂಜಗಳ ಹೆಸರು ಲ್ಯಾಟಿನ್, ಒಳಗಿನ ಎಷ್ಟೋ ನಕ್ಷತ್ರಗಳ ಹೆಸರು ಅರಬ್ಬಿ. ನಮ್ಮ ರೋಹಿಣಿ ಅವರಿಗೆ ಅಲ್ಡೆಬರಾನ್, ಆರ್ದ್ರೆ ಬೆಟೆಲ್‌ಜ್ಯೂಸ್, ಅಭಿಜಿತ್ ವೇಗಾ. ಮೂರೂ ಅರಬ್ಬಿ ಮೂಲದ ಪದಗಳು.

ಗ್ರಹಗಳು ಹೇಳುವ ದಿನಾಂಕ

ಹಾಗೆಂದು ಲೈಡನ್ ಹಸ್ತಪ್ರತಿಯಲ್ಲಿ ಬಾನಿನ ಲೆಕ್ಕ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕೊನೆಯ ಭಾಗದಲ್ಲಿ ಒಂದು ಪುಟ ಗ್ರಹಮಂಡಲಕ್ಕೆ ಮೀಸಲು. ನಡುವೆ ಭೂಮಿ, ಸುತ್ತ ಗ್ರಹಗಳ ಕಕ್ಷೆಗಳು, ಹೊರಗೆ ರಾಶಿಚಕ್ರ. ಬುಧ ಶುಕ್ರಗಳು ಸೂರ್ಯನನ್ನು ಸುತ್ತುವಂತೆ ಬರೆದಿರುವುದು ಗಮನಾರ್ಹ. ಕೊಪರ್ನಿಕಸ್ ಹುಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದಿನ ಚಿತ್ರ ಇದು. ಆದರೆ ಈ ಕಲ್ಪನೆ ಹೊಸದಲ್ಲ, ಪ್ರಾಚೀನರಲ್ಲಿಯೇ ಇದ್ದದ್ದು.

ಪ್ರತಿ ಗ್ರಹವನ್ನೂ ನಿರ್ದಿಷ್ಟ ರಾಶಿಯ ನೇರಕ್ಕೆ ಇರಿಸಿರುವುದರಿಂದ, ಗ್ರಹಗಳು ನಿಜಕ್ಕೂ ಹಾಗಿದ್ದ ದಿನ ಯಾವುದು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಜಾತಕ ನೋಡಿ ಹುಟ್ಟಿದ ದಿನ ಕಂಡುಹಿಡಿದ ಹಾಗೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ದಿನವನ್ನು ಕ್ರಿ.ಶ. 579ರ ಮಾರ್ಚ್ ಎಂದಿತು. 1990ರಲ್ಲಿ ಇಬ್ಬರು ಡಚ್ ಸಂಶೋಧಕರು ಅದು 816ರ ಮಾರ್ಚ್ 18 ಎಂದು ವಾದಿಸಿದರು. ಎರಡನೆಯದು ಸರಿಯಾದರೆ ಇದು ಹಸ್ತಪ್ರತಿ ತಯಾರಾದ ಕಾಲದ್ದೇ ಆಕಾಶ. ಹಳೆಯ ಪುಸ್ತಕದ ನಡುವೆ ಯಾರೋ ಒಬ್ಬ ತಲೆಯೆತ್ತಿ ತನ್ನ ಕಾಲದ ಬಾನನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ ಎಂದಾಗುತ್ತದೆ.

ಕೈಯಿಂದ ಕೈಗೆ

ಕ್ರಿ.ಶ. 1000ದ ಹೊತ್ತಿಗೆ ಈ ಹಸ್ತಪ್ರತಿ ಉತ್ತರ ಫ್ರಾನ್ಸಿನ ಸೇಂಟ್ ಬೆರ್ತಾಂ ಮಠ ಸೇರಿತ್ತು. ಅಲ್ಲಿ ಮಾಡಿದ ನಕಲು ಈಗ ಬೂಲೋನ್ ಪಟ್ಟಣದ ಗ್ರಂಥಾಲಯದಲ್ಲಿದೆ, ಇನ್ನೊಂದು ಸಂಬಂಧಿತ ಪ್ರತಿ ಸ್ವಿಟ್ಸರ್ಲೆಂಡಿನ ಬೆರ್ನ್‌ನಲ್ಲಿದೆ. ಮೂಲದಿಂದ ಕಳಚಿಹೋದ ಕೆಲವು ಚಿತ್ರಗಳು ಹೇಗಿದ್ದವೆಂದು ತಿಳಿಯುವುದು ಬೂಲೋನ್ ಪ್ರತಿಯಿಂದಲೇ. 1600ರಲ್ಲಿ, ಮುಂದೆ ಅಂತರರಾಷ್ಟ್ರೀಯ ಕಾನೂನಿನ ಪಿತಾಮಹರಲ್ಲಿ ಒಬ್ಬನೆನಿಸಿದ ಹ್ಯೂಗೊ ಗ್ರೋಷಿಯಸ್ ತನ್ನ ಹದಿನೇಳನೆಯ ವಯಸ್ಸಿನಲ್ಲಿ ಈ ಪದ್ಯಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ. ಯಾಕೊಬ್ ದ ಗೇನ್ ಎಂಬ ಕಲಾವಿದ ಹಸ್ತಪ್ರತಿಯ ಆಕೃತಿಗಳನ್ನು ಅದಕ್ಕಾಗಿ ತಗಡಿನಲ್ಲಿ ಕೊರೆದ. ಎಂಟು ಶತಮಾನ ಮುಚ್ಚಿದ ಪುಟಗಳಲ್ಲಿದ್ದ ಚಿತ್ರಗಳು ಹೀಗೆ ಅಚ್ಚಿನ ಲೋಕಕ್ಕೆ ಬಂದವು. ಹಸ್ತಪ್ರತಿ ಸ್ವೀಡನ್ನಿನ ರಾಣಿ ಕ್ರಿಸ್ಟಿನಾಳ ಸಂಗ್ರಹ ಸೇರಿ, ಅಲ್ಲಿಂದ ವಿದ್ವಾಂಸ ಐಸಾಕ್ ವೊಸಿಯಸನ ಕೈಗೆ ಬಂತು. 1690ರಲ್ಲಿ ವೊಸಿಯಸನ ಗ್ರಂಥಭಂಡಾರವನ್ನು ಲೈಡನ್ ವಿಶ್ವವಿದ್ಯಾಲಯ ಕೊಂಡಿತು.

ಈ ನಡುವೆ ಬಾನಿನ ಹಳೆಯ ದೇವತೆಗಳನ್ನು ಒಕ್ಕಲೆಬ್ಬಿಸುವ ಪ್ರಯತ್ನ ಇನ್ನೊಮ್ಮೆ ನಡೆಯಿತು. 1627ರಲ್ಲಿ ಜರ್ಮನಿಯ ಯೂಲಿಯಸ್ ಶಿಲ್ಲರ್ ಪ್ರಕಟಿಸಿದ ನಕ್ಷತ್ರಪಟದಲ್ಲಿ ಹನ್ನೆರಡು ರಾಶಿಗಳ ಜಾಗಕ್ಕೆ ಕ್ರಿಸ್ತನ ಹನ್ನೆರಡು ಶಿಷ್ಯರು ಬಂದರು. ಜನ ಒಪ್ಪಲಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ 88 ಪುಂಜಗಳ ಪಟ್ಟಿಯನ್ನು ಅಂಗೀಕರಿಸಿದಾಗ ಅರಾಟಸ್ ಹಾಡಿದ ಆಕೃತಿಗಳಲ್ಲಿ ಬಹುಪಾಲು ಅದರಲ್ಲಿದ್ದವು.

ಎಲ್ಲ ಮಠಗಳೂ ಹೀಗೆ ಉಳಿಸಿದವು ಎಂದೇನಲ್ಲ. ಈಜಿಪ್ಟಿನ ಸಿನಾಯ್ ಬೆಟ್ಟದ ಸೇಂಟ್ ಕ್ಯಾಥರೀನ್ ಮಠದಿಂದ ಬಂದ ಒಂದು ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. ಒಂಬತ್ತನೆಯ ಅಥವಾ ಹತ್ತನೆಯ ಶತಮಾನದಲ್ಲಿ ಯಾರೋ ಲಿಪಿಕಾರರು ಹಳೆಯ ತೊಗಲ ಹಾಳೆಗಳ ಗ್ರೀಕ್ ಬರಹವನ್ನು ಕೆರೆದು ತೆಗೆದು, ಅದರ ಮೇಲೆ ಸಿರಿಯಾಕ್ ಭಾಷೆಯಲ್ಲಿ ಧರ್ಮಗ್ರಂಥ ಬರೆದಿದ್ದರು. ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ತೆಗೆದ ಛಾಯಾಚಿತ್ರಗಳಿಂದ ಅಳಿಸಿದ ಅಕ್ಷರಗಳು ಮತ್ತೆ ಕಂಡವು. ಅಲ್ಲಿದ್ದದ್ದು ಅರಾಟಸನ ಕಾವ್ಯದ ಭಾಗ. ಜೊತೆಗೆ, ಪೂರ್ತಿ ಕಳೆದುಹೋಯಿತೆಂದು ತಿಳಿದಿದ್ದ ಹಿಪ್ಪಾರ್ಕಸನ ನಕ್ಷತ್ರಪಟ್ಟಿಯದೆಂದು ಸಂಶೋಧಕರು ಗುರುತಿಸಿದ ಕೆಲವು ಅಂಕೆಗಳು. ಈ ಸಂಗತಿ ಪ್ರಕಟವಾದದ್ದು 2022ರಲ್ಲಿ.

ಒಂದೆಡೆ ಅದೇ ಕವಿಯ ಮಾತುಗಳಿಗೆ ಚಿನ್ನ, ಇನ್ನೊಂದೆಡೆ ಕೆರೆಯುವ ಚೂರಿ. ಕೆರೆದವನು ಅಳಿಸಿಹೋಯಿತೆಂದುಕೊಂಡದ್ದು ಪೂರ್ತಿ ಅಳಿಯಲಿಲ್ಲ. ಚಿನ್ನ ಹಚ್ಚಿದವನು ಉಳಿಸಿದೆನೆಂದುಕೊಂಡದ್ದು ಪೂರ್ತಿ ಉಳಿಯಲಿಲ್ಲ. ಆದರೂ ಆಖೆನ್‌ನ ಬೆಳ್ಳಿಯ ಮೇಜಿನ ಒಂದು ಚೂರೂ ಇಂದು ನಮಗೆ ಸಿಗುವುದಿಲ್ಲ. ಬೆಳ್ಳಿಗೆ ಬೆಲೆಯಿತ್ತು, ಕಡಿದು ಹಂಚಿದರು. ತೊಗಲ ಹಾಳೆಯನ್ನು ಕಡಿದು ಹಂಚಿದರೆ ಪ್ರಯೋಜನವಿಲ್ಲ, ಮತ್ತೊಂದು ಪ್ರತಿ ಮಾಡಿದರೆ ಮಾತ್ರ ಅದು ಇಬ್ಬರ ಪಾಲಾಗುತ್ತದೆ. ಗ್ರೀಕರ ಆಕಾಶ ನಮ್ಮವರೆಗೆ ಬಂದದ್ದು ಹೀಗೆ ಪ್ರತಿಯಿಂದ ಪ್ರತಿಗೆ, ತಪ್ಪುಗಳ ಸಮೇತ.